ಹಳೇ ಫೋನಿನಲ್ಲಿ ಆ್ಯಪ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

"ನಿಮ್ಮ ಆ್ಯಪ್ ನನ್ನ ಫೋನಲ್ಲಿ ಬರ್ತಿಲ್ಲ" ಎಂಬ ದೂರಿನ ಹಿಂದೆ ಐದಾರು ಬೇರೆ ಬೇರೆ ದೋಷಗಳು ಇರಬಹುದು. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಕಾಣಿಸುತ್ತಲೇ ಇಲ್ಲದಿರಬಹುದು. ಇನ್‌ಸ್ಟಾಲ್ ಅರ್ಧಕ್ಕೆ ನಿಂತಿರಬಹುದು. ತೆರೆದ ಕೂಡಲೇ ಮುಚ್ಚಿಹೋಗುತ್ತಿರಬಹುದು. ಬರೀ ಬಿಳಿ ಪರದೆ ಬಂದು ಕೂತಿರಬಹುದು. ಅಥವಾ ಎಲ್ಲ ಸರಿಯಾಗಿ ತೆರೆದು, ಲಾಗಿನ್ ಹತ್ತಿರ ಬಂದಾಗ ಚಕ್ರ ಸುತ್ತುತ್ತಲೇ ಇರಬಹುದು. ಇಷ್ಟಕ್ಕೂ ನಾವು ಕೊಡುವ ಉತ್ತರ ಮಾತ್ರ ಒಂದೇ: "ಫೋನ್ ಹಳೇದಾಯ್ತು, ಹೊಸದು ತಗೊಳ್ಳಿ."

ಅದು ಉತ್ತರವೇ ಅಲ್ಲ. ಎಷ್ಟೋ ಸಲ ತಪ್ಪು ಫೋನಿನದ್ದಲ್ಲ; ಸರ್ವರಿನದ್ದು, ಇಲ್ಲವೇ ಬಿಲ್ಡ್ ಮಾಡಿದ, ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟಿದ, ರೀತಿಯದ್ದು. ಯಾರಿಗೋ ಹತ್ತು ಸಾವಿರ ರೂಪಾಯಿ ಖರ್ಚು ಮಾಡಿ ಎಂದು ಹೇಳುವ ಮೊದಲು ಅರ್ಧ ಗಂಟೆ ಕೂತು ಹುಡುಕುವುದು ನಮ್ಮ ಕೆಲಸ. ಒಂದೇ ಕೋಡ್ ಬರೆದು ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಮಾಡುವವರಿಗೆ, ಅಂದರೆ ಫ್ಲಟರ್, ರಿಯಾಕ್ಟ್ ನೇಟಿವ್, ಅಯಾನಿಕ್ ಬಳಸುವವರಿಗೆ, ಈ ಬರಹ ಜಾಸ್ತಿ ಉಪಯೋಗ. ಬಳಕೆದಾರರ ಫೋನ್ ಕರೆ ತೆಗೆದುಕೊಂಡು ಸಹಾಯ ಮಾಡುವವರೂ ಇದರಲ್ಲಿ ಬಹುಪಾಲನ್ನು ಮಾಡಬಹುದು.

ಮೊದಲು ಕೇಳಿ, ಬರೆದುಕೊಳ್ಳಿ

ಆಂಡ್ರಾಯ್ಡ್ ಆವೃತ್ತಿ ಯಾವುದು? ಸೆಟ್ಟಿಂಗ್ಸ್‌ನಲ್ಲಿ "ಫೋನ್ ಕುರಿತು" ಎಂಬಲ್ಲಿ ಸಿಗುತ್ತದೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಶಿಯೋಮಿ ಫೋನುಗಳಲ್ಲಿ ಎಂಐಯುಐ 12 ಎಂದು ದೊಡ್ಡದಾಗಿ ಕಾಣುತ್ತದೆ. ಬಳಕೆದಾರರು "ನಂದು 12 ಸಾರ್" ಎಂದುಬಿಡುತ್ತಾರೆ. ಆದರೆ ಎಂಐಯುಐ 12 ಆಂಡ್ರಾಯ್ಡ್ 9ರ ಮೇಲೂ ಇತ್ತು, 10 ಮತ್ತು 11ರ ಮೇಲೂ ಇತ್ತು. ಬೇರೆ ಕಂಪನಿಗಳ ಮೇಲ್ಪದರಕ್ಕೂ ಹೀಗೇ ತನ್ನದೇ ಸಂಖ್ಯೆ ಇರುತ್ತದೆ. ಹಾಗಾಗಿ ಆ ಪುಟದ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಬಾಯಿಮಾತಿನ ಸಂಖ್ಯೆ ಬೇಡ.

ಅದೇ ಹೊತ್ತಿಗೆ ಇನ್ನೂ ನಾಲ್ಕು ವಿಷಯ ಕೇಳಿಕೊಳ್ಳಿ. ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳದ್ದು? ಕ್ರೋಮ್ ಮತ್ತು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ (ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಭಾಗ) ಯಾವ ಆವೃತ್ತಿ? ಸ್ಟೋರೇಜ್ ಎಷ್ಟು ಖಾಲಿ ಇದೆ? ಫೋನಿನ ದಿನಾಂಕ ಸರಿ ಇದೆಯಾ? ಕೊನೆಯದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನಿನಲ್ಲಿ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಯಾವ ಸುರಕ್ಷಿತ ಸಂಪರ್ಕವೂ ಕೂಡಿಬರುವುದಿಲ್ಲ, ಯಾಕೆಂದರೆ ಸರ್ವರಿನ ಸರ್ಟಿಫಿಕೇಟ್ "ಇನ್ನೂ ಹುಟ್ಟಿಲ್ಲ" ಎಂದು ಫೋನ್ ಲೆಕ್ಕ ಹಾಕುತ್ತದೆ.

ಆಮೇಲೆ ಒಂದೇ ಪ್ರಶ್ನೆ: ಎಲ್ಲಿ ನಿಲ್ಲುತ್ತದೆ? ಸ್ಟೋರ್‌ನಲ್ಲೋ, ಇನ್‌ಸ್ಟಾಲ್‌ನಲ್ಲೋ, ತೆರೆದಾಗಲೋ, ಸರ್ವರ್ ಜೊತೆ ಮಾತಾಡುವಾಗಲೋ? ಮುಂದಿನ ದಾರಿ ಪೂರ್ತಿ ಇದರ ಮೇಲೆ ನಿಂತಿದೆ.

ಸ್ಟೋರ್‌ನಲ್ಲೇ "ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ" ಎಂದರೆ

ಪ್ರತಿ ಆಂಡ್ರಾಯ್ಡ್ ಆವೃತ್ತಿಗೂ ಎಪಿಐ ಲೆವೆಲ್ ಎಂಬ ಸಂಖ್ಯೆ ಇದೆ. 5.0ಕ್ಕೆ 21, 6.0ಕ್ಕೆ 23, 7.0ಕ್ಕೆ 24, 8.0ಕ್ಕೆ 26, 10ಕ್ಕೆ 29. ಆ್ಯಪ್ ತನ್ನ ಕನಿಷ್ಠ ಲೆವೆಲ್ ಎಷ್ಟು ಎಂದು ಹೇಳಿಕೊಂಡಿರುತ್ತದೆ. ಫೋನ್ ಅದಕ್ಕಿಂತ ಕೆಳಗಿದ್ದರೆ ಸ್ಟೋರ್ ಬಾಗಿಲಲ್ಲೇ ತಡೆಯುತ್ತದೆ.

ಇದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಾಗದೇ ಹೋಗುವುದು ಏನೆಂದರೆ, ಆ ಕನಿಷ್ಠ ಸಂಖ್ಯೆಯನ್ನು ಯಾರೂ ಕೈಯಾರೆ ಏರಿಸದಿದ್ದರೂ ಅದು ಏರಿಬಿಡುತ್ತದೆ. ಫ್ಲಟರ್ ಪ್ರಾಜೆಕ್ಟಿನ ಗ್ರೇಡಲ್ ಕಡತ, ಅಂದರೆ ಬಿಲ್ಡ್ ಸೂಚನೆಗಳ ಕಡತ, ತೆರೆದು ನೋಡಿ. ಹೊಸದಾಗಿ ಶುರು ಮಾಡಿದ ಪ್ರಾಜೆಕ್ಟ್‌ನಲ್ಲಿ ಕನಿಷ್ಠ ಲೆವೆಲ್ ಜಾಗದಲ್ಲಿ ಸಂಖ್ಯೆ ಇರುವುದಿಲ್ಲ, "ಫ್ಲಟರ್ ಹೇಳಿದಷ್ಟು" ಎಂಬ ಅರ್ಥದ ಸೂಚನೆ ಇರುತ್ತದೆ. ಫ್ಲಟರ್ 3.22ರಲ್ಲಿ ಕಿಟ್‌ಕ್ಯಾಟ್ (ಆಂಡ್ರಾಯ್ಡ್ 4.4) ಬಿಟ್ಟುಹೋಯಿತು, ಕನಿಷ್ಠ 21 ಆಯಿತು. 3.35ಕ್ಕೆ ಬರುವಾಗ ಅದು 24. ಅಂದರೆ ಯಾರೋ ಒಬ್ಬರು ಫ್ಲಟರ್ ಅಪ್‌ಗ್ರೇಡ್ ಮಾಡಿ ಬಿಲ್ಡ್ ಹಾಕಿದರೆ ಆಂಡ್ರಾಯ್ಡ್ 5 ಮತ್ತು 6ರ ಬಳಕೆದಾರರೆಲ್ಲ ಒಂದೇ ದಿನ ಹೊರಗೆ. ರಿಯಾಕ್ಟ್ ನೇಟಿವ್ ಕತೆಯೂ ಇದೇ: 0.74ರಲ್ಲಿ ಕನಿಷ್ಠ 23, 0.76ರಲ್ಲಿ 24, ಐಫೋನ್ ಕಡೆ 0.76ಕ್ಕೆ ಐಒಎಸ್ 15.1 ಬೇಕು.

ಹಾಗಾಗಿ "ಹೋದ ವಾರದವರೆಗೆ ಬರ್ತಿತ್ತು" ಎಂಬ ದೂರು ಬಂದರೆ ನಿಮ್ಮ ಕೋಡ್ ನೋಡಬೇಡಿ. ಹಿಂದಿನ ಬಿಡುಗಡೆ ಮತ್ತು ಈಗಿನ ಬಿಡುಗಡೆಯ ಕನಿಷ್ಠ ಲೆವೆಲ್ ಎರಡನ್ನೂ ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ಮಾಡಿದವರು ಅದನ್ನು ನಿರ್ವಹಿಸುವ ಗೂಗಲ್ ತಾಣ) ಪಕ್ಕಪಕ್ಕ ಇಟ್ಟು ನೋಡಿ. ಏರಿದ್ದು ಬೇಕಂತಲೇ ಅಲ್ಲದಿದ್ದರೆ ಹಳೆಯ ಫ್ರೇಮ್‌ವರ್ಕ್ ಆವೃತ್ತಿಯಲ್ಲಿ ಮತ್ತೆ ಬಿಲ್ಡ್ ಮಾಡಿ. ಬೇಕಂತಲೇ ಏರಿಸಿದ್ದರೆ ಆ ಮಾತು ಬಳಕೆದಾರರಿಗೆ ಮೊದಲೇ ತಿಳಿಯಬೇಕಿತ್ತು. ಅದನ್ನು ಕೊನೆಯಲ್ಲಿ ನೋಡೋಣ.

ಆಂಡ್ರಾಯ್ಡ್ ಆವೃತ್ತಿ ಹೊಸದೇ ಇದ್ದೂ ಸ್ಟೋರ್ ತಡೆದರೆ? ಆಗ ಯಂತ್ರಾಂಶ ನೋಡಬೇಕು. ಆ್ಯಪ್ ಕ್ಯಾಮೆರಾ ಅನುಮತಿ ಕೇಳಿದರೆ, ಅದಕ್ಕೆ ಕ್ಯಾಮೆರಾ ಮಾತ್ರವಲ್ಲ, ಆಟೋಫೋಕಸ್ ಕೂಡ ಬೇಕೇ ಬೇಕು ಎಂದು ಪ್ಲೇ ಸ್ಟೋರ್ ತಾನಾಗಿ ಅರ್ಥ ಮಾಡಿಕೊಳ್ಳುತ್ತದೆ. ಕಡಿಮೆ ಬೆಲೆಯ ಫೋನು, ಟ್ಯಾಬ್ಲೆಟ್‌ಗಳಲ್ಲಿ ಆಟೋಫೋಕಸ್ ಇಲ್ಲದಿರುವುದು ಮಾಮೂಲು. ಪ್ರೊಫೈಲ್ ಫೋಟೋ ತೆಗೆಯಲು ಆಟೋಫೋಕಸ್ ಕಡ್ಡಾಯ ಏನಲ್ಲ ಅಲ್ವಾ? ಆ್ಯಪ್ ತನ್ನ ಬೇಡಿಕೆಗಳನ್ನು ಹೇಳಿಕೊಳ್ಳುವ ಮ್ಯಾನಿಫೆಸ್ಟ್ ಕಡತದಲ್ಲಿ ಆ ಎರಡೂ ಸೌಲಭ್ಯಗಳಿಗೆ "ಕಡ್ಡಾಯವಲ್ಲ" ಎಂದು ಬರೆದರೆ ಅಷ್ಟೂ ಸಾಧನಗಳು ಮತ್ತೆ ಒಳಗೆ ಬರುತ್ತವೆ. ಒಂದೆರಡು ಸಾಲಿನ ಕೆಲಸ.

ಎಪಿಕೆ ಹಾಕಲು ಹೋದರೆ ಇನ್‌ಸ್ಟಾಲ್ ಆಗುತ್ತಿಲ್ಲ

ಕಚೇರಿಯೊಳಗಿನ ಆ್ಯಪ್‌ಗಳು, ಸಂಘ ಸೊಸೈಟಿಗಳ ಆ್ಯಪ್‌ಗಳು ವಾಟ್ಸಾಪ್‌ನಲ್ಲೇ ಎಪಿಕೆಯಾಗಿ, ಅಂದರೆ ನೇರವಾಗಿ ಇನ್‌ಸ್ಟಾಲ್ ಮಾಡುವ ಕಡತವಾಗಿ, ಓಡಾಡುತ್ತವೆ. ಆಗ ಫೋನ್ ಹೇಳುವುದು ಬರೀ "ಪ್ಯಾಕೇಜ್ ಪಾರ್ಸ್ ಮಾಡಲು ತೊಂದರೆ" ಅಥವಾ "ಆ್ಯಪ್ ಇನ್‌ಸ್ಟಾಲ್ ಆಗಲಿಲ್ಲ" ಎಂಬ ಮಾತು. ಇದರಿಂದ ಏನೂ ತಿಳಿಯುವುದಿಲ್ಲ. ಆ ಫೋನನ್ನೋ, ಅದೇ ಮಾದರಿಯದ್ದನ್ನೋ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ. ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಮೂಲಕ ಇನ್‌ಸ್ಟಾಲ್ ಮಾಡಿ. ಈಗ ನಿಜವಾದ ಕಾರಣ ಹೊರಗೆ ಬರುತ್ತದೆ.

"ಓಲ್ಡರ್ ಎಸ್‌ಡಿಕೆ" ಎಂದರೆ ಮೇಲೆ ಹೇಳಿದ ಕನಿಷ್ಠ ಲೆವೆಲ್ ವಿಷಯವೇ. "ಅಪ್‌ಡೇಟ್ ಇನ್‌ಕಂಪ್ಯಾಟಿಬಲ್" ಎಂದರೆ ಮೊದಲೇ ಇದ್ದ ಆ್ಯಪ್‌ಗೂ ಹೊಸದಕ್ಕೂ ಸಹಿಯ ಕೀಲಿ ಬೇರೆ; ಫೋನಿನ ವಯಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ. "ನೋ ಮ್ಯಾಚಿಂಗ್ ಎಬಿಐಸ್" ಎಂದರೆ 32 ಬಿಟ್, 64 ಬಿಟ್ ಜಗಳ.

ಈ ಕೊನೆಯದರಲ್ಲಿ ಗೊಂದಲ ಜಾಸ್ತಿ. ಪ್ರೊಸೆಸರ್ 64 ಬಿಟ್ ಇದ್ದರೂ, 1 ಅಥವಾ 2 ಜಿಬಿ ರ‍್ಯಾಮಿನ ಎಷ್ಟೋ ಫೋನುಗಳಿಗೆ ಕಂಪನಿಗಳು 32 ಬಿಟ್ ಆಂಡ್ರಾಯ್ಡ್ ಹಾಕಿಯೇ ಮಾರಿದವು. ಡಬ್ಬಿಯ ಮೇಲೆ ಬರೆದ ಪ್ರೊಸೆಸರ್ ಹೆಸರು ನೋಡಿ ತೀರ್ಮಾನಿಸಬೇಡಿ. ಎಡಿಬಿ ಶೆಲ್‌ನಲ್ಲಿ ಸಾಧನದ ಎಬಿಐ ಪಟ್ಟಿ, ಅಂದರೆ ಅದು ಯಾವ ಬಗೆಯ ಪ್ರೊಸೆಸರ್ ಕೋಡ್ ಓಡಿಸಬಲ್ಲದು ಎಂಬ ಪಟ್ಟಿ, ಕೇಳಿ. ಅದರಲ್ಲಿ ಆರ್ಮ್64 (64 ಬಿಟ್) ಇಲ್ಲದೆ ಬರೀ ಆರ್ಮ್ ವಿ7 (32 ಬಿಟ್) ಇದ್ದರೆ ನಿಮ್ಮ ಎಪಿಕೆಯಲ್ಲೂ ಆ ಲೈಬ್ರರಿಗಳು ಇರಲೇಬೇಕು. ಗಾತ್ರ ಉಳಿಸಲು 64 ಬಿಟ್ ಮಾತ್ರ ಇಟ್ಟು ಎಪಿಕೆ ಹಂಚಿದರೆ ಆ ಫೋನುಗಳು ಹೊರಗೆ ಉಳಿಯುತ್ತವೆ. ಇದರ ತಿರುವುಮುರುವೂ ಉಂಟು. 2022ರ ಪಿಕ್ಸೆಲ್ 7ರಿಂದ ಶುರುವಾಗಿ 64 ಬಿಟ್ ಆ್ಯಪ್ ಮಾತ್ರ ಓಡಿಸುವ ಫೋನುಗಳು ಬಂದಿವೆ. ಹಳೆಯ 32 ಬಿಟ್ ಆ್ಯಪ್ ಅಲ್ಲಿ ಕೂರುವುದಿಲ್ಲ. ಆಂಡ್ರಾಯ್ಡ್ 14 ಇನ್ನೊಂದು ಬೇಲಿ ಹಾಕಿದೆ: ಎಪಿಐ 23ಕ್ಕಿಂತ ಕೆಳಗಿನ ಆಂಡ್ರಾಯ್ಡ್ ಗುರಿಯಿಟ್ಟು ಮಾಡಿದ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ.

ಇನ್ನೊಂದು: ಪ್ಲೇ ಸ್ಟೋರ್‌ನಿಂದ ಬಂದ ಆ್ಯಪನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಫೈಲ್ ಶೇರಿಂಗ್‌ನಲ್ಲಿ ಕಳಿಸುವವರು ಇದ್ದಾರೆ. ಈಗಿನ ಆ್ಯಪ್‌ಗಳು ತುಂಡುತುಂಡಾಗಿ ಇಳಿಯುತ್ತವೆ: ಆಯಾ ಫೋನಿನ ಪರದೆಗೆ, ಭಾಷೆಗೆ, ಪ್ರೊಸೆಸರಿಗೆ ಬೇಕಾದ್ದು ಬೇರೆ ಬೇರೆ. ಮೂಲ ತುಂಡು ಒಂದನ್ನೇ ಕಳಿಸಿದರೆ ಇನ್‌ಸ್ಟಾಲ್ ಆಗುವುದಿಲ್ಲ, ಆಗಿದ್ದರೂ ತೆರೆದ ಕೂಡಲೇ ಬೀಳುತ್ತದೆ. ಎಲ್ಲಿಂದ ಹಾಕಿಕೊಂಡಿರಿ ಎಂದು ಕೇಳಲು ಮರೆಯಬೇಡಿ.

ತೆರೆದ ಕೂಡಲೇ ಮುಚ್ಚಿಹೋಗುತ್ತದೆ

ಊಹೆ ಬೇಡ, ಲಾಗ್ ನೋಡಿ. ಫೋನಿನ ಲಾಗ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಕ್ರ್ಯಾಶ್ ಬಫರ್ ಮಾತ್ರ ತೋರಿಸಲು ಹೇಳಿದರೆ ಬೇರೆ ಗದ್ದಲ ಇರುವುದಿಲ್ಲ. "ಫೇಟಲ್ ಎಕ್ಸೆಪ್ಷನ್" ಎಂಬ ಸಾಲು ಹಿಡಿದು ಕೆಳಗಿಳಿದು, "ಕಾಸ್ಡ್ ಬೈ" ಎಂದು ಕೊನೆಯ ಸಲ ಬರೆದಿರುವ ಜಾಗಕ್ಕೆ ಹೋಗಿ. ಅಸಲಿ ಕಾರಣ ಬಹಳ ಸಲ ಅಲ್ಲಿರುತ್ತದೆ.

ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಹಾಲು ಹಾಕುವವರ ಲೆಕ್ಕ ಇಡುವ ಆ್ಯಪ್ ಅದು. ಬಹಳಷ್ಟು ಜನರ ಫೋನಿನಲ್ಲಿ ಸಲೀಸಾಗಿ ಓಡುತ್ತಿತ್ತು. ಕೆಲವರ ಫೋನಿನಲ್ಲಿ ಮಾತ್ರ ಮುಖಪುಟ ಬರುತ್ತಿತ್ತು, "ಈ ವಾರದ ಲೆಕ್ಕ" ಒತ್ತಿದರೆ ಮುಚ್ಚಿಹೋಗುತ್ತಿತ್ತು. ಆ ಫೋನುಗಳ ಕಂಪನಿ ಬೇರೆ ಬೇರೆ, ರ‍್ಯಾಮ್ ಬೇರೆ ಬೇರೆ. ಆಂಡ್ರಾಯ್ಡ್ ಮಾತ್ರ ಎಲ್ಲದರಲ್ಲೂ 7 ಅಥವಾ ಅದಕ್ಕಿಂತ ಕೆಳಗೆ. 8 ಇದ್ದ ಒಂದು ಫೋನಿನಲ್ಲೂ ತೊಂದರೆ ಇರಲಿಲ್ಲ. ಇಷ್ಟು ಸ್ಪಷ್ಟವಾದ ಗೆರೆ ಕಂಡರೆ ಅದು ಮೆಮೊರಿಯ ಸಮಸ್ಯೆ ಆಗಿರಲಾರದು. ಲಾಗ್‌ನಲ್ಲಿ "ನೋ ಕ್ಲಾಸ್ ಡೆಫ್ ಫೌಂಡ್ ಎರರ್", ಪಕ್ಕದಲ್ಲಿ ಜಾವಾದ ಲೋಕಲ್‌ಡೇಟ್ ಹೆಸರು ಇತ್ತು. ದಿನಾಂಕ, ಸಮಯದ ಈ ಹೊಸ ಜಾವಾ ಕ್ಲಾಸುಗಳು ಆಂಡ್ರಾಯ್ಡ್‌ಗೆ ಬಂದದ್ದೇ ಎಪಿಐ 26ರಲ್ಲಿ, ಅಂದರೆ 8.0ರಲ್ಲಿ. ಆ್ಯಪ್ ಕನಿಷ್ಠ ಲೆವೆಲ್ 21 ಎಂದು ಹೇಳಿಕೊಂಡಿತ್ತು, ಆದರೆ ಒಳಗೆ 26ರ ಸರಕು ಬಳಸಿತ್ತು.

ಪರಿಹಾರ ಕಷ್ಟದ್ದಲ್ಲ. ಗ್ರೇಡಲ್‌ನಲ್ಲಿ ಕೋರ್ ಲೈಬ್ರರಿ ಡಿಶುಗರಿಂಗ್ ಆನ್ ಮಾಡಿದರೆ ಆ ಕ್ಲಾಸುಗಳ ಪ್ರತಿ ಆ್ಯಪ್ ಜೊತೆಗೇ ಹೋಗುತ್ತದೆ, ಹಳೆಯ ಫೋನೂ ಅದನ್ನು ಬಳಸುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಕೋಡ್ ಪರೀಕ್ಷಿಸುವ ಲಿಂಟ್ ಇಂಥದ್ದಕ್ಕೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಆದರೆ ಹೊರಗಿನಿಂದ ತಂದ ಪ್ಲಗಿನ್ ಒಳಗೆ ಇಂಥ ಕರೆ ಅಡಗಿದ್ದರೆ ಅದು ನಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಬೇರೆ ಬೇರೆ ವೇದಿಕೆಗೆ ಒಂದೇ ಕೋಡ್ ಬರೆಯುವವರು ಇದನ್ನು ಜಾಸ್ತಿ ಗಮನಿಸಬೇಕು. ನಾವು ಡಾರ್ಟ್ ಅಥವಾ ಜಾವಾಸ್ಕ್ರಿಪ್ಟ್ ಮಾತ್ರ ಬರೆದಿರುತ್ತೇವೆ, ಬೀಳುವುದು ಪ್ಲಗಿನ್ನಿನ ಕಾಟ್ಲಿನ್ ಕೋಡ್.

"ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್" ಬಂದರೆ ಮತ್ತೆ 32–64 ಬಿಟ್ ಕಡೆ ಹೋಗಿ. ಒಂದು ಪ್ಲಗಿನ್ 64 ಬಿಟ್ ಲೈಬ್ರರಿ ಮಾತ್ರ ತಂದಿರುತ್ತದೆ. ಫ್ಲಟರ್ ಆ್ಯಪ್ ಬೀಳದೆ, ಪರದೆ ಮಾತ್ರ ಕಪ್ಪಾಗಿ ಅಥವಾ ಚಿತ್ರಗಳು ಹರಿದಂತೆ ಕಂಡರೆ ಚಿತ್ರ ಬಿಡಿಸುವ ಎಂಜಿನ್ ಮೇಲೆ ಅನುಮಾನ ಪಡಿ. ಈಚಿನ ಫ್ಲಟರ್ ಆಂಡ್ರಾಯ್ಡ್‌ನಲ್ಲೂ ಇಂಪೆಲ್ಲರ್ ಬಳಸುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಅದರ ಜೊತೆ ಹೊಂದಿಕೊಳ್ಳದಿರಬಹುದು. ಇಂಪೆಲ್ಲರ್ ಆಫ್ ಮಾಡಿ ಒಮ್ಮೆ ಓಡಿಸಿ. ಸರಿಹೋದರೆ ದೋಷ ಎಲ್ಲಿದೆ ಎಂದು ಗೊತ್ತಾಯಿತು.

ಬಿಳಿ ಪರದೆ

ಅಯಾನಿಕ್, ಕಾರ್ಡೋವಾ, ಕೆಪಾಸಿಟರ್ ಆ್ಯಪ್‌ಗಳು ನಿಜಕ್ಕೂ ಫೋನಿನ ವೆಬ್‌ವ್ಯೂ ಒಳಗೆ ಓಡುವ ವೆಬ್ ಪುಟಗಳು. ಇಲ್ಲಿ ಆಂಡ್ರಾಯ್ಡ್ ಆವೃತ್ತಿಗಿಂತ ವೆಬ್‌ವ್ಯೂ ಆವೃತ್ತಿ ಮುಖ್ಯ. ಆಂಡ್ರಾಯ್ಡ್ 5.0ರಿಂದ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ಪ್ರತ್ಯೇಕವಾಗಿ ಅಪ್‌ಡೇಟ್ ಆಗುತ್ತದೆ. 7ರಿಂದ 9ರವರೆಗೆ ಕ್ರೋಮ್ ಆ್ಯಪೇ ವೆಬ್‌ವ್ಯೂ ಕೆಲಸವನ್ನೂ ಮಾಡುತ್ತದೆ. 10ರಿಂದ ಮತ್ತೆ ಬೇರೆ ಆಯಿತು.

ಈಗ 16 ಜಿಬಿಯ ಒಂದು ಆಂಡ್ರಾಯ್ಡ್ 8 ಫೋನ್ ತೆಗೆದುಕೊಳ್ಳಿ. ಜಾಗ ಸಾಲದೆ ಮನೆಯವರು ಕ್ರೋಮ್ ಡಿಸೇಬಲ್ ಮಾಡಿದ್ದಾರೆ. ಆಗ ಫೋನ್ ಹಳೆಯ ಸಿಸ್ಟಮ್ ವೆಬ್‌ವ್ಯೂಗೆ ಹಿಂದಿರುಗುತ್ತದೆ. ಅದು ಅಪ್‌ಡೇಟ್ ಕಾಣದಿದ್ದರೆ ಫೋನ್ ಕಾರ್ಖಾನೆಯಿಂದ ಹೊರಟಾಗ ಇದ್ದ ಆವೃತ್ತಿಯೇ. ನಿಮ್ಮ ಜಾವಾಸ್ಕ್ರಿಪ್ಟ್‌ನಲ್ಲಿ ಆಪ್ಷನಲ್ ಚೈನಿಂಗ್ ಇದ್ದರೆ, ಅಂದರೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಚುಕ್ಕಿ ಒಟ್ಟಿಗೆ ಬರುವ ಬರವಣಿಗೆ, ಅದನ್ನು ಓದಲು ಕ್ರೋಮ್ 80 ಬೇಕು. ಅದಕ್ಕಿಂತ ಹಳೆಯದಾದರೆ ಆ ಒಂದು ಚುಕ್ಕಿಯ ಬಳಿ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಎಂದು ಇಡೀ ಕಡತವನ್ನೇ ಬಿಟ್ಟುಬಿಡುತ್ತದೆ. ಕಡತವೇ ಓದದಿದ್ದ ಮೇಲೆ ದೋಷ ತೋರಿಸುವ ನಿಮ್ಮ ಕೋಡ್ ಕೂಡ ಓಡುವುದಿಲ್ಲ. ಹಾಗಾಗಿ ಬಿಳಿ ಪರದೆ, ಬೇರೇನೂ ಇಲ್ಲ.

ಡೀಬಗ್ ಬಿಲ್ಡ್ ಹಾಕಿ, ಕೇಬಲ್ ಜೋಡಿಸಿ, ಕಂಪ್ಯೂಟರಿನ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ ಆ ವೆಬ್‌ವ್ಯೂ ಕನ್ಸೋಲ್ ತೆರೆದರೆ ಈ ಸಾಲು ಕೆಂಪಗೆ ಕಾಣುತ್ತದೆ. ಬಳಕೆದಾರರಿಗೆ ತಕ್ಷಣದ ಪರಿಹಾರ ಕ್ರೋಮ್ ಮತ್ತೆ ಎನೇಬಲ್ ಮಾಡಿ ಅಪ್‌ಡೇಟ್ ಮಾಡುವುದು. ಆದರೆ ಅದಕ್ಕೂ ಮಿತಿ ಇದೆ. ಆಂಡ್ರಾಯ್ಡ್ 7ಕ್ಕೆ ಕೊನೆಯ ಕ್ರೋಮ್ 119, 8 ಮತ್ತು 9ಕ್ಕೆ 138. ನಮ್ಮ ಕಡೆಯ ಸರಿಯಾದ ಪರಿಹಾರ ಬಿಲ್ಡ್ ಗುರಿಯನ್ನು ಕೆಳಗಿಳಿಸಿ, ಹೊಸ ಬರವಣಿಗೆಯನ್ನು ಹಳೆಯದಕ್ಕೆ ಬದಲಿಸಿ ಕಳಿಸುವುದು.

ಐಫೋನ್‌ನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ವೆಬ್‌ವ್ಯೂ ಐಒಎಸ್‌ಗೇ ಅಂಟಿಕೊಂಡಿದೆ, ಬೇರೆಯಾಗಿ ಅಪ್‌ಡೇಟ್ ಆಗುವುದಿಲ್ಲ. ಐಫೋನ್ 6ಎಸ್ ಮತ್ತು 7 ಐಒಎಸ್ 15ಕ್ಕೆ ನಿಂತಿವೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಹಿಂದಕ್ಕೆ ನೋಡುವ ಲುಕ್‌ಬಿಹೈಂಡ್ ಸಫಾರಿಗೆ ಬಂದದ್ದು 16.4ರಲ್ಲಿ. ನಿಮ್ಮ ಆ್ಯಪ್‌ನಲ್ಲೋ, ನೀವು ಬಳಸಿದ ಯಾವುದೋ ಲೈಬ್ರರಿಯಲ್ಲೋ ಅಂಥ ಒಂದು ಎಕ್ಸ್‌ಪ್ರೆಷನ್ ಇದ್ದರೂ ಸಾಕು, ಐಫೋನ್ 7ರಲ್ಲಿ ಬಿಳಿ ಪರದೆ. ಆಂಡ್ರಾಯ್ಡ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಇದು ಎಂದೂ ಸಿಗುವುದಿಲ್ಲ, ಕ್ರೋಮ್‌ನಲ್ಲಿ ಅದು 62ರಿಂದಲೇ ಇದೆ. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯದಕ್ಕೆ ಬದಲಿಸುವ ಬೇಬಲ್ ಕೂಡ ಇದನ್ನು ಹಳೆಯ ರೂಪಕ್ಕೆ ತಿರುಗಿಸಿ ಕೊಡುವುದಿಲ್ಲ. ಆ ಎಕ್ಸ್‌ಪ್ರೆಷನ್ನನ್ನೇ ಕೈಯಾರೆ ಬೇರೆ ಥರ ಬರೆಯಬೇಕು.

ಹೊಸ ಫೋನುಗಳಲ್ಲೂ ಒಮ್ಮೆಲೇ ಹತ್ತಾರು ಆ್ಯಪ್ ಬೀಳತೊಡಗಿದರೆ ವೆಬ್‌ವ್ಯೂ ಅಪ್‌ಡೇಟೇ ಕೆಟ್ಟಿರಬಹುದು. 2021ರ ಮಾರ್ಚ್‌ನಲ್ಲಿ ಹಾಗಾಗಿತ್ತು. ಜಗತ್ತಿನ ತುಂಬ ಆಂಡ್ರಾಯ್ಡ್ ಆ್ಯಪ್‌ಗಳು ಬಿದ್ದವು. ಆಗ ವೆಬ್‌ವ್ಯೂ ಅಪ್‌ಡೇಟ್ ತೆಗೆದುಹಾಕಿ ನೋಡುವುದೇ ಪರೀಕ್ಷೆ.

ತೆರೆಯುತ್ತದೆ, ಲಾಗಿನ್ ಆಗುವುದಿಲ್ಲ

ಹಳೆಯ ಫೋನ್ ಎಂದು ಅನ್ಯಾಯವಾಗಿ ದೂರುವುದು ಇಲ್ಲೇ ಜಾಸ್ತಿ. ಬೇರೆ ಆ್ಯಪ್‌ಗಳಿಗೆ ಇಂಟರ್‌ನೆಟ್ ಬರುತ್ತಿದೆ. ನಿಮ್ಮ ಆ್ಯಪ್ ಮಾತ್ರ "ನೆಟ್‌ವರ್ಕ್ ಪರೀಕ್ಷಿಸಿ" ಎನ್ನುತ್ತದೆ. ಲಾಗ್‌ನಲ್ಲಿ "ಟ್ರಸ್ಟ್ ಆಂಕರ್ ನಾಟ್ ಫೌಂಡ್" ಎಂದೋ, ಫ್ಲಟರ್ ಆದರೆ "ಸರ್ಟಿಫಿಕೇಟ್ ವೆರಿಫೈ ಫೇಲ್ಡ್" ಎಂದೋ ಸಿಗುತ್ತದೆ.

ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿದಾಗ ಫೋನ್ ಅದನ್ನು ನೇರವಾಗಿ ನಂಬುವುದಿಲ್ಲ. ತನಗೆ ಗೊತ್ತಿರುವವರು ಯಾರಾದರೂ ಇದಕ್ಕೆ ಜಾಮೀನು ನಿಂತಿದ್ದಾರಾ ಎಂದು ನೋಡುತ್ತದೆ. ಗೊತ್ತಿರುವವರ ಆ ಪಟ್ಟಿ, ಅಂದರೆ ರೂಟ್ ಸರ್ಟಿಫಿಕೇಟುಗಳು, ಹಳೆಯ ಆಂಡ್ರಾಯ್ಡ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಒಳಗೇ ಇದೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನವೇ ಪಟ್ಟಿಯೂ ನಿಂತಿತು.

ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಈ ಕತೆಯ ದೊಡ್ಡ ಉದಾಹರಣೆ. ಅದರ ಸ್ವಂತ ರೂಟ್, ಐಎಸ್‌ಆರ್‌ಜಿ ರೂಟ್ ಎಕ್ಸ್1, ಆಂಡ್ರಾಯ್ಡ್ 7.1.1ರಿಂದ ಮಾತ್ರ ಪಟ್ಟಿಯಲ್ಲಿದೆ. ಅದಕ್ಕಿಂತ ಹಳೆಯ ಫೋನುಗಳಿಗಾಗಿ ಐಡೆನ್‌ಟ್ರಸ್ಟ್ ಸಂಸ್ಥೆಯ ಹಳೆಯ ರೂಟ್ ಜಾಮೀನು ನಿಂತಿತ್ತು. ಆ ಹಳೆಯ ರೂಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೂ ಹಳೆಯ ಆಂಡ್ರಾಯ್ಡ್‌ಗಳು ಕೆಲಸ ಮಾಡುತ್ತಲೇ ಇದ್ದವು. ಯಾಕೆಂದರೆ ಆಂಡ್ರಾಯ್ಡ್ ತನ್ನ ಪಟ್ಟಿಯಲ್ಲಿರುವ ರೂಟಿನ ಅವಧಿ ಮುಗಿದಿದೆಯಾ ಎಂದು ನೋಡುವುದಿಲ್ಲ. ಇದನ್ನೇ ಬಳಸಿಕೊಂಡು ಜಾಮೀನನ್ನು ಇನ್ನೂ ಮೂರು ವರ್ಷ ಎಳೆದರು. 2024ರ ಸೆಪ್ಟೆಂಬರ್ 30ಕ್ಕೆ ಅದೂ ಮುಗಿಯಿತು. ಸರ್ವರ್ ನಡೆಸುವವರು ಏನೂ ಬದಲಿಸಿರಲಿಲ್ಲ, ಆ್ಯಪ್ ಅಪ್‌ಡೇಟ್ ಆಗಿರಲಿಲ್ಲ, ಫೋನೂ ಅದೇ. ಆದರೂ 7.0 ಮತ್ತು ಅದಕ್ಕಿಂತ ಹಳೆಯ ಫೋನುಗಳ ಬಾಗಿಲು ಮುಚ್ಚಿತು.

ಪತ್ತೆ ಹಚ್ಚುವಾಗ ಒಂದು ಎಚ್ಚರ. "ಬ್ರೌಸರಲ್ಲಿ ಸೈಟ್ ತೆರೀತಿದೆ, ಹಾಗಾಗಿ ಸರ್ಟಿಫಿಕೇಟ್ ಸರಿ ಇದೆ" ಎನ್ನಬೇಡಿ. ಫೈರ್‌ಫಾಕ್ಸ್ ತನ್ನದೇ ರೂಟ್ ಪಟ್ಟಿ ಹೊತ್ತುಕೊಂಡು ಬರುತ್ತದೆ, ಈಚಿನ ಕ್ರೋಮ್ ಕೂಡ. ಬ್ರೌಸರ್ ತೆರೆದು ಆ್ಯಪ್ ಸೋತರೆ ಅದೇ ಒಂದು ಸುಳಿವು: ದೋಷ ಸಿಸ್ಟಮ್ ಪಟ್ಟಿಯಲ್ಲಿದೆ. ಇನ್ನೊಂದು ಪರೀಕ್ಷೆಯೂ ಮಾಡಿ. ಹೊಸ ಆಂಡ್ರಾಯ್ಡ್ ಫೋನಿನಲ್ಲೂ ಆ್ಯಪ್ ಸೋಲುತ್ತಿದೆಯಾ? ಹಾಗಿದ್ದರೆ ಬಹುಶಃ ಸರ್ವರ್ ತನ್ನ ಸರ್ಟಿಫಿಕೇಟಿಗೂ ರೂಟಿಗೂ ಕೊಂಡಿಯಾಗುವ ನಡುವಿನ (ಇಂಟರ್‌ಮೀಡಿಯೇಟ್) ಸರ್ಟಿಫಿಕೇಟನ್ನು ಕಳಿಸುತ್ತಿಲ್ಲ. ಕಂಪ್ಯೂಟರಿನ ಬ್ರೌಸರ್ ಅದನ್ನು ತಾನೇ ಹುಡುಕಿ ತರುತ್ತದೆ, ಆಂಡ್ರಾಯ್ಡ್ ತರುವುದಿಲ್ಲ. ಅದು ಸರ್ವರ್ ಸೆಟ್ಟಿಂಗ್‌ನ ದೋಷ, ಫೋನಿನ ವಯಸ್ಸಿನದ್ದಲ್ಲ.

ಪರಿಹಾರಕ್ಕೆ ಎರಡು ದಾರಿ. ಹಳೆಯ ಫೋನುಗಳ ಪಟ್ಟಿಯಲ್ಲೂ ಇರುವ ರೂಟಿಗೆ ಕೊಂಡಿ ಇರುವ ಬೇರೆ ಸಂಸ್ಥೆಯಿಂದ ಸರ್ಟಿಫಿಕೇಟ್ ತರುವುದು ಒಂದು. ಬಳಕೆದಾರರು ಏನೂ ಮಾಡಬೇಕಾಗಿಲ್ಲ, ಹಾಗಾಗಿ ನನ್ನ ಮೊದಲ ಆಯ್ಕೆ ಇದೇ. ಎರಡನೆಯದು ಬೇಕಾದ ರೂಟನ್ನು ಆ್ಯಪ್ ಒಳಗೇ ಕಟ್ಟಿ ಕಳಿಸುವುದು. ಆಂಡ್ರಾಯ್ಡ್ 7.0ರಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಕಡತದಲ್ಲಿ ಹೇಳಿದರೆ ಸಾಕು. 6 ಮತ್ತು ಅದಕ್ಕಿಂತ ಕೆಳಗೆ ಆ ಕಡತ ಕೆಲಸ ಮಾಡುವುದಿಲ್ಲ, ಕೋಡ್‌ನಲ್ಲೇ ಸೇರಿಸಬೇಕು. ಫ್ಲಟರ್ ಆ ಕಡತವನ್ನು ನೋಡುವುದೇ ಇಲ್ಲ. ಅಲ್ಲಿ ಡಾರ್ಟ್‌ನ ಸೆಕ್ಯುರಿಟಿ ಕಾಂಟೆಕ್ಸ್ಟ್‌ಗೆ ರೂಟನ್ನು ಕೊಡಬೇಕು.

"ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸರ್ಟಿಫಿಕೇಟ್ ಹಾಕಿಕೊಳ್ಳಿ" ಎಂದು ಬಳಕೆದಾರರಿಗೆ ಹೇಳಬೇಡಿ. ಎಪಿಐ 24 ಅಥವಾ ಮೇಲೆ ಗುರಿಯಿಟ್ಟ ಆ್ಯಪ್‌ಗಳು ಆಂಡ್ರಾಯ್ಡ್ 7ರಿಂದ ಹಾಗೆ ಹಾಕಿದ್ದನ್ನು ನಂಬುವುದಿಲ್ಲ. ಮೇಲಾಗಿ, ಯಾರೋ ಕಳಿಸಿದ ಸರ್ಟಿಫಿಕೇಟ್ ಹಾಕಿಕೊಳ್ಳುವ ಅಭ್ಯಾಸ ಬೆಳೆಸುವುದೇ ಅಪಾಯ. ಅದಕ್ಕಿಂತ ಅಪಾಯದ್ದು, "ಯಾವ ಸರ್ಟಿಫಿಕೇಟ್ ಬಂದರೂ ಸರಿ ಎನ್ನು" ಎಂದು ಬರೆಯುವ ಎರಡು ಸಾಲಿನ ಕೋಡ್. ಅದನ್ನು ಹಾಕಿದ ಕ್ಷಣ ದೋಷ ಮಾಯವಾಗುತ್ತದೆ, ನಿಜ. ಜೊತೆಗೆ, ದಾರಿಯಲ್ಲಿ ಕೂತ ಯಾರು ಬೇಕಾದರೂ ನಿಮ್ಮ ಬಳಕೆದಾರರ ಪಾಸ್‌ವರ್ಡ್ ಓದಬಹುದು. ಆ ಕೋಡ್ ಹಾಕಿ ಹಳೆಯ ಫೋನ್ ಉಳಿಸುವುದಕ್ಕಿಂತ ಬೆಂಬಲ ನಿಲ್ಲಿಸುವುದು ಮೇಲು.

ಆಂಡ್ರಾಯ್ಡ್ 4.1ರಿಂದ 4.4ರವರೆಗಿನ ಫೋನುಗಳಿಗೆ ಇನ್ನೊಂದು ತೊಡಕು: ಸುರಕ್ಷಿತ ಸಂಪರ್ಕದ ನಿಯಮವಾದ ಟಿಎಲ್‌ಎಸ್‌ನ 1.2 ಆವೃತ್ತಿ ಅವುಗಳಲ್ಲಿ ಇದೆ, ಆದರೆ ಮೊದಲಿಂದಲೇ ಆನ್ ಆಗಿಲ್ಲ. ಸರ್ವರ್ 1.0 ಮತ್ತು 1.1 ನಿಲ್ಲಿಸಿದ್ದರೆ ಕೈಕುಲುಕುವ ಹಂತದಲ್ಲೇ ಸಂಪರ್ಕ ಕಡಿಯುತ್ತದೆ. ಕೋಡ್‌ನಲ್ಲಿ ಆನ್ ಮಾಡಬಹುದು.

ಹುಡುಕಿ ಪ್ರಯೋಜನ ಇಲ್ಲದ ಕಡೆ

ಸೇವೆ ಕೊಡುವವರೇ ಬಾಗಿಲು ಹಾಕಿದ್ದರೆ ಅಲ್ಲಿ ಹೊತ್ತು ಕಳೆಯಬೇಡಿ. ವಾಟ್ಸಾಪ್‌ಗೆ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5.0 ಬೇಕು, 2025ರ ಮೇ 5ರಿಂದ ಐಒಎಸ್ 15.1 ಬೇಕು. ಐಫೋನ್ 5ಎಸ್, 6 ಐಒಎಸ್ 12ಕ್ಕೆ ನಿಂತಿರುವುದರಿಂದ ಅವುಗಳಲ್ಲಿ ದಾರಿ ಇಲ್ಲ. ಕಿಟ್‌ಕ್ಯಾಟ್‌ಗೆ ಗೂಗಲ್ ಪ್ಲೇ ಸರ್ವಿಸಸ್ ಅಪ್‌ಡೇಟ್ 2023ರ ಆಗಸ್ಟ್‌ನಲ್ಲೇ ನಿಂತಿದೆ. ಅದರ ಮೇಲೆ ನಿಂತ ನಕ್ಷೆ, ನೋಟಿಫಿಕೇಶನ್ ಇವೆಲ್ಲ ಒಂದೊಂದಾಗಿ ಕೈಕೊಡುತ್ತವೆ. ಇಂಥ ಫೋನ್ ತಂದವರಿಗೆ ಮೊದಲು ಫೋಟೋ, ಚಾಟ್ ಬ್ಯಾಕಪ್ ಮಾಡಿಕೊಡಿ. ಬ್ಯಾಂಕ್, ಯುಪಿಐ ಆ್ಯಪ್‌ಗಳ ಹಳೆಯ ಎಪಿಕೆಯನ್ನು ಗುರುತಿಲ್ಲದ ಸೈಟುಗಳಿಂದ ಇಳಿಸಿ ಹಾಕುವ ಸಾಹಸ ಮಾತ್ರ ಖಂಡಿತ ಬೇಡ.

ಐಫೋನ್‌ನಲ್ಲಿ ಒಂದು ಒಳ್ಳೆಯ ದಾರಿ ಉಳಿದಿದೆ. ಹಳೆಯ ಫೋನಿನ ಆ್ಯಪ್ ಸ್ಟೋರ್‌ನಲ್ಲಿ ಹೊಸದಾಗಿ ಹುಡುಕಿದರೆ "ಹೊಂದುವುದಿಲ್ಲ" ಎನ್ನುತ್ತದೆ. ಆದರೆ ಅದೇ ಆಪಲ್ ಐಡಿ ಇರುವ ಹೊಸ ಐಫೋನಿನಲ್ಲಿ ಆ ಆ್ಯಪನ್ನು ಒಮ್ಮೆ ಇಳಿಸಿ, ಆಮೇಲೆ ಹಳೆಯದರಲ್ಲಿ "ಖರೀದಿಸಿದವು" ಪಟ್ಟಿಯಿಂದ ಇಳಿಸಲು ಹೋದರೆ, ಹೊಂದುವ ಕೊನೆಯ ಆವೃತ್ತಿ ಬೇಕೇ ಎಂದು ಕೇಳುತ್ತದೆ. ಮನೆಯಲ್ಲಿ ಮಕ್ಕಳಿಗೆ ಕೊಟ್ಟಿರುವ ಹಳೆಯ ಐಪ್ಯಾಡ್‌ಗೂ ಇದು ನಡೆಯುತ್ತದೆ. ಹೊಂದುವ ಆವೃತ್ತಿಯನ್ನು ಆ ಆ್ಯಪ್ ಮಾಡಿದವರು ಉಳಿಸಿರಬೇಕು, ಅಷ್ಟೇ.

ಬಿಡುಗಡೆಗೆ ಮೊದಲು

ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ನಕಲಿ ಫೋನ್) ನಂಬಿ ಕೂರಬೇಡಿ. ಕಂಪ್ಯೂಟರಿನಲ್ಲಿ ಓಡುವ ಎಮ್ಯುಲೇಟರ್ ಬಹುಪಾಲು ಫೋನಿನ ಪ್ರೊಸೆಸರ್ ಬಳಸುವುದಿಲ್ಲ, ಹಾಗಾಗಿ 32–64 ಬಿಟ್ ದೋಷ ಅಲ್ಲಿ ಕಾಣದು. ಡ್ರೈವರ್ ದೋಷವೂ ಕಾಣದು. ನಿಮ್ಮ ಕನಿಷ್ಠ ಲೆವೆಲ್‌ನ ಒಂದು ನಿಜವಾದ ಫೋನ್, 2 ಜಿಬಿ ರ‍್ಯಾಮಿನದ್ದು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಮೇಜಿನ ಮೇಲೆ ಇರಲಿ. ಅದನ್ನು ಅಪ್‌ಡೇಟ್ ಮಾಡದೇ ಇಡಿ. ಕನ್ನಡ ಅಕ್ಷರಗಳನ್ನೂ ಅದರಲ್ಲೇ ನೋಡಿ. ಕನ್ನಡ ತೋರಿಸುವ ಬೆಂಬಲ ಆಂಡ್ರಾಯ್ಡ್‌ಗೆ 4.1ರಲ್ಲೇ ಬಂದರೂ, ಫೋನ್ ಕಂಪನಿ ತನ್ನದೇ ಫಾಂಟ್ ಹಾಕಿದ್ದರೆ ಒತ್ತಕ್ಷರ ಸಾಲಿನ ಕೆಳಗೆ ಕತ್ತರಿಸಿ ಹೋಗಬಹುದು. "ರಾಷ್ಟ್ರೀಯ", "ಸ್ತ್ರೀ", "ಲಕ್ಷ್ಮೀ" ಈ ಮೂರು ಪದ ಬಟನ್ ಒಳಗೆ ಪೂರ್ತಿ ಕಂಡರೆ ಬಾಕಿಯದ್ದೂ ಕಾಣುತ್ತದೆ. ಕಾಣದಿದ್ದರೆ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಜೊತೆಗೇ ಕಳಿಸಿ.

ಬೆಂಬಲ ನಿಲ್ಲಿಸಲೇಬೇಕಾದರೆ, ನಿಲ್ಲಿಸುವ ಬಿಡುಗಡೆಗಿಂತ ಒಂದು ಬಿಡುಗಡೆ ಮೊದಲೇ ಆ ಫೋನುಗಳಿಗೆ ಮಾತ್ರ ಸೂಚನೆ ತೋರಿಸಿ. ಕನ್ನಡದಲ್ಲಿ, ದಿನಾಂಕದ ಸಮೇತ, "ನಿಮ್ಮ ಫೋನಿನಲ್ಲಿ ಆಂಡ್ರಾಯ್ಡ್ 6 ಇದೆ, ಮುಂದಿನ ಅಪ್‌ಡೇಟ್‌ಗೆ 7 ಬೇಕು" ಎಂದು ಸಂಖ್ಯೆ ಹೇಳಿ. ಹಳೆಯ ಆ್ಯಪ್ ಮಾತಾಡುವ ಸರ್ವರ್ ವಿಳಾಸವನ್ನು ಅದೇ ದಿನ ಕಿತ್ತುಹಾಕಬೇಡಿ. ಇನ್‌ಸ್ಟಾಲ್ ಆಗಿರುವ ಹಳೆಯ ಆವೃತ್ತಿ ತಿಂಗಳುಗಟ್ಟಲೆ ಅದನ್ನೇ ಕೇಳುತ್ತಿರುತ್ತದೆ. ಆ ವಿಳಾಸಕ್ಕೆ ಯಾವ ಆವೃತ್ತಿಯಿಂದ ಎಷ್ಟು ಕರೆ ಬರುತ್ತಿದೆ ಎಂದು ಸರ್ವರ್ ಲಾಗ್‌ನಲ್ಲಿ ಎಣಿಸಿ, ಆ ಲೆಕ್ಕ ನೋಡಿಕೊಂಡು ನಿಲ್ಲಿಸುವ ದಿನ ಗೊತ್ತುಮಾಡಿ.